ಆರುನೂರು ಸುತ್ತು

ಲಿಗೋರಿ ಸಂಜೆ ಆರಕ್ಕೆ ಮಲಗುತ್ತಾನೆ,
ರಾತ್ರಿ ಒಂದೂವರೆಗೆ ಏಳುತ್ತಾನೆ.
ಸ್ಕಿಪ್ಟನ್ ಬೀದಿಯ ಬೇಕರಿಯಲ್ಲಿ
ಊರು ಏಳುವ ಮೊದಲೇ ಬ್ರೆಡ್ಡು ಏಳಬೇಕು.
ಅವನು ಕಣ್ಣು ಮುಚ್ಚಿದ ಮೇಲೆ ನನ್ನ ಕೆಲಸ,
ಯಾರ್ಯಾರದೋ ಮನೆಗಳ ನಕ್ಷೆಗೆ
ಗೋಡೆ ನಿಲ್ಲಿಸಿ, ಬಣ್ಣ ಬಳಿದು, ಬಿಸಿಲು ಬೀಳಿಸಿ ತೋರಿಸುವುದು.
ನಮಗಿರುವುದು ಒಂದೇ ಕೋಣೆ.
ಮಂಚದ ಕಾಲಿಗೂ ಕಂಪ್ಯೂಟರಿಗೂ ನಡುವೆ ಒಂದು ಮೊಳ.

ಅದು ಉಸಿರಾಡುತ್ತಿರಲಿಲ್ಲ, ಏದುಸಿರು ಬಿಡುತ್ತಿತ್ತು.
ಐದು ಫ್ಯಾನು. ಹೆಚ್ಚಿದ್ದಷ್ಟೂ ಒಳ್ಳೆಯದೆಂದಿದ್ದ ಅಂಗಡಿಯವನು.
ಐದೂ ಐದು ಕಡೆಗೆ ಎಳೆದಾಡುತ್ತ,
ಒಂದು ತಂದ ಗಾಳಿಯನ್ನು ಇನ್ನೊಂದು ಕದಿಯುತ್ತ
ಪಂಚಾಯಿತಿಗೂ ಬಗೆಹರಿಯದ ದಾಯಾದಿಗಳ ಹಾಗೆ.
ಲಿಗೋರಿ ದಿಂಬನ್ನು ಕಿವಿಯ ಮೇಲಿಟ್ಟು ಮಲಗುತ್ತಿದ್ದ,
ಒಂದು ದಿನವೂ ದೂರಲಿಲ್ಲ.
ನನಗೆ ಚುಚ್ಚಿದ್ದು ಅದೇ.

ಜುಲೈ. ಹೊರಗೆ ಬಲ್ಲರಾಟಿನ ಚಳಿ
ಕಾರಿನ ಗಾಜಿನ ಮೇಲೆ ಉಪ್ಪು ಚೆಲ್ಲಿತ್ತು.
ಭಾನುವಾರ ನೆಲಕ್ಕೆ ಹಳೆ ಬೆಡ್‌ಶೀಟು ಹಾಸಿ
ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆ ಇಟ್ಟು
ಪೆಟ್ಟಿಗೆ ಬಿಚ್ಚಿದೆ. ಊದುಬತ್ತಿ ಹಚ್ಚಿ ಮುಂದೆ ಹಿಡಿದೆ.
ಹೊಗೆ ಒಳಗೆ ಹೋಗಿ, ಕಾರ್ಡಿನ ಕೆಳಗೆ ಸುಳಿದು
ದಾರಿ ತಪ್ಪಿದ ನೆಂಟನಂತೆ ಬಂದ ಬಾಗಿಲಿಗೇ ವಾಪಸು.

ಲಿಗೋರಿ ಟೀ ಹಿಡಿದು ಕುಕ್ಕರುಗಾಲಲ್ಲಿ ಕೂತ.
"ನಮ್ಮ ಒಲೆಗೆ ಇಷ್ಟೊಂದು ಬಾಯಿಲ್ಲ ಮಾರಾಯ್ತಿ.
ಒಂದು ಕಡೆ ಬರಲಿ, ಒಂದು ಕಡೆ ಹೋಗಲಿ.
ಬಿಸಿಗೆ ಮೇಲೆ ಹೋಗಲಿಕ್ಕೆ ಯಾರೂ ಕಲಿಸುವುದು ಬೇಡ,
ನೀನು ಅಡ್ಡ ನಿಲ್ಲದಿದ್ದರೆ ಸಾಕು."

ಆಮೇಲೆ ಕಾಗದದ ತುಂಬ ಬಾಣಗಳು.
ಮುಂದೆ ಎರಡು, ಒಂದು ಗೇಣು ಅಗಲದವು.
ದೊಡ್ಡ ರೆಕ್ಕೆ ಮೆಲ್ಲಗೆ ತಿರುಗಿದರೂ ಬೇಕಾದಷ್ಟು ಗಾಳಿ.
ಹಿಂದೆ ಒಂದು. ಪಕ್ಕದ್ದು, ಮೇಲಿನದು ತೆಗೆದೇಬಿಟ್ಟೆ.
ಅಂದಕ್ಕೆಂದು ಕೊಂಡ ಮುಂಬದಿಯ ಗಾಜು ಕಳಚಿ
ಹಳೆ ಸ್ಟಾಕಿಂಗ್ಸ್ ಕತ್ತರಿಸಿ ಬಿಗಿದೆ, ಧೂಳಿಗೆ.
ತಂತಿಗಳಿಗೆ ಜಡೆ ಹಾಕಿ ಬೆನ್ನಿಗೆ ಇಳಿಬಿಟ್ಟೆ.
ಸ್ಕ್ರೂ ಬದಲು ರಬ್ಬರಿನ ಗೂಟ,
ಒಂದರ ನಡುಕ ಇಡೀ ತಗಡಿಗೆ ಹತ್ತದಂತೆ.
ಬರುವುದು ಹೋಗುವುದಕ್ಕಿಂತ ತುಸು ಹೆಚ್ಚಿರಬೇಕು,
ಆಗ ಸಂದಿಗಳಿಂದ ಧೂಳು ನುಸುಳದು.
ನಮ್ಮ ಬ್ಯಾಂಕ್ ಖಾತೆಯಲ್ಲಿ ಎಂದೂ ಕೂಡದ ಈ ಲೆಕ್ಕ
ಇಲ್ಲಿ ಕೂಡಿತು.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ಬಾರದ ಗಾಳಿಯನ್ನು ಕರೆದು, ಸದ್ದಿಲ್ಲದೆ ಕಳಿಸುವ ಬಗೆ
ಯಾವ ಗಾದೆಯೂ ಹೇಳಿಲ್ಲ.

ಮತ್ತೆ ಊದುಬತ್ತಿ. ಹೊಗೆ ಒಂದೇ ಎಳೆಯಾಗಿ
ಒಳಹೊಕ್ಕು ಹಿಂದಿನಿಂದ ಹೊರಟುಹೋಯಿತು.
ನಿಮಿಷಕ್ಕೆ ಆರುನೂರು ಸುತ್ತು.
ಶಾಖ ಅರವತ್ತೆಂಟಕ್ಕೆ ನಿಂತಿತು.

ಆ ರಾತ್ರಿ ಗುಂಡಿ ಒತ್ತಿ,
ಕೆಟ್ಟಿತೇನೋ ಎಂದು ಎರಡು ಸಲ ಬಗ್ಗಿ ನೋಡಿದೆ.
ಪುಟ್ಟ ದೀಪ ಉರಿಯುತ್ತಿತ್ತು.
ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಸದ್ದುಗಳು ಬಂದವು,
ಫ್ರಿಜ್ಜು, ಪಕ್ಕದ ಮನೆಯ ನಲ್ಲಿ, ರೈಲುಗೇಟಿನ ಗಂಟೆ,
ತಗಡಿನ ಚಾವಣಿಯ ಮೇಲೆ ಪೊಸ್ಸಮ್ಮಿನ ಓಡಾಟ.
ಇವೆಲ್ಲದರ ಕೆಳಗೆ
ಒಂದು ಸಣ್ಣ ಸೀಟಿ.

ಫ್ಯಾನಿನದೆಂದುಕೊಂಡೆ. ಕೀಲಿಮಣೆಯಿಂದಲೇ
ಒಂದೊಂದನ್ನು ನಿಲ್ಲಿಸಿದೆ. ಮೂರೂ ನಿಂತವು.
ಸೀಟಿ ನಿಲ್ಲಲಿಲ್ಲ.

ಮಂಚದಿಂದ ಬರುತ್ತಿತ್ತು.
ಎಳೆದುಕೊಳ್ಳುವಾಗ ಸುಮ್ಮನೆ, ಬಿಡುವಾಗ ಸೀಟಿ,
ತುದಿ ಕಟ್ಟಿದ ಊದುಗೊಳವೆಯಲ್ಲಿ ಊದಿದಂತೆ.
ಹನ್ನೊಂದು ವರ್ಷದ ಹಿಟ್ಟು.
ಅದಕ್ಕೆ ಯಾರೂ ಸ್ಟಾಕಿಂಗ್ಸ್ ಕಟ್ಟಿರಲಿಲ್ಲ.
ಎಷ್ಟು ದಿನದಿಂದಲೋ ಏನೋ,
ನನ್ನ ಐದು ಫ್ಯಾನುಗಳು ಮುಚ್ಚಿಟ್ಟಿದ್ದವು.

ಅಲಾರಾಂ ಹೊಡೆಯಿತು. ಬೂಟಿನ ದಾರ ಕಟ್ಟುತ್ತ
"ಇವತ್ತು ಒಳ್ಳೆ ನಿದ್ದೆ ಬಂತು ನೋಡು" ಅಂದ.
"ಮಂಗಳವಾರ ಡಾಕ್ಟರ ಹತ್ತಿರ ಹೋಗಬೇಕು."
"ಯಾರಿಗೆ?"
ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಬಾಗಿಲು ತೆರೆದ.
ಚಳಿ ನುಗ್ಗಿತು. ಬಾಣಗಳ ಕಾಗದ ಮೇಜಿನಿಂದ ಹಾರಿ
ಮಂಚದ ಕೆಳಗೆ ಸೇರಿತು.